ಜೀವಕೋಶದೊಳಗಿನ ಗತಪ್ರತ್ಯಾಗತ

ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಆಗುವ ರಚನೆಯನ್ನು ಆಲಂಕಾರಿಕರು ಗತಪ್ರತ್ಯಾಗತವೆನ್ನುವರು. ಅದರಂತಹ ಬರಹವು ನಮ್ಮ ಜೀವಕೋಶದ ಕೇಂದ್ರದಲ್ಲಿಯೂ ಉಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಈಸ್ಟ್ರೋಜೆನ್ ಎಂಬ ಹಾರ್ಮೋನು ಅಜ್ಜಂಪುರದ ಅಮೃತಮಹಲ್ ಹಸುವಿನಲ್ಲಿಯೂ ಕಡೂರಿನ ಗೃಹಿಣಿಯಲ್ಲಿಯೂ ಒಂದೇ. ಅದನ್ನು ಹಿಡಿಯುವ ಗ್ರಾಹಕವೊಂದುಂಟೆಂದು 1958ರ ಸುಮಾರಿಗೆ ಷಿಕಾಗೋ ನಗರದ ಎಲ್ವುಡ್ ಜೆನ್ಸೆನ್ ತೋರಿಸಿದರು. ಹಾರ್ಮೋನು ಸೇರಿದ ಗ್ರಾಹಕಗಳು ಎರಡೆರಡಾಗಿ ಜೊತೆಗೂಡಿ, ಜೀನುಗಳ ಆಸುಪಾಸಿನಲ್ಲಿ 15 ಅಕ್ಷರಗಳ ಒಂದು ಬರಹವನ್ನು ಹುಡುಕಿ ಕುಳಿತುಕೊಳ್ಳುವುವು. ನಡುವಣ 3 ಅಕ್ಷರಗಳನ್ನುಳಿದು, ಒಂದು ಎಳೆಯಲ್ಲಿ ಮುಂದಕ್ಕೆ ಓದಿದುದೇ ಬಹುಮಟ್ಟಿಗೆ ಜೊತೆಯ ಎಳೆಯಲ್ಲಿ ಹಿಂದುಮುಂದಾಗಿ ಓದಿದರೂ ದೊರೆಯುವುದು. ಬಳಿಕ ಸಹಾಯಕ ಪ್ರೋಟೀನುಗಳು ಅಲ್ಲಿ ನೆರೆದು, ಬಿಗಿಯಾಗಿ ಸುತ್ತಿದ ಎಳೆಯನ್ನು ಸಡಿಲಿಸಲು, ಜೀನು ತನ್ನ ಕೆಲಸಕ್ಕೆ ತೊಡಗುವುದು; ಕೋಶವು ಬೆಳೆದು ಇಬ್ಭಾಗವಾಗುವುದು.

ಇದು ಬರಿಯ ಕುತೂಹಲದ ಮಾತಲ್ಲ. ತರೀಕೆರೆಯಲ್ಲಿರುವ ನಮ್ಮ ತಂಗಿಗೆ ಸ್ತನದ ಕ್ಯಾನ್ಸರ್ ಗಡ್ಡೆಯನ್ನು ತೆಗೆದ ಮೇಲೆ, ಟ್ಯಾಮಾಕ್ಸಿಫೆನ್ ಗುಳಿಗೆಯನ್ನು 5 ವರ್ಷ ನಿತ್ಯವೂ ಸೇವಿಸುವಂತೆ ವೈದ್ಯರು ವಿಧಿಸಿದರು. "ಗಡ್ಡೆ ಹೋಯಿತಲ್ಲ ಅಣ್ಣಯ್ಯ, ಇನ್ನೂ ಇದೇಕೆ?" ಎಂದಳು. ಶಸ್ತ್ರಕ್ಕೆ ಸಿಕ್ಕದ ಕೋಶವೊಂದು ಎಲ್ಲಿಯಾದರೂ ಅಡಗಿರಬಹುದು. ಗುಳಿಗೆಯು ಹಾರ್ಮೋನಿನ ಪೀಠದಲ್ಲಿ ತಾನೇ ಕುಳಿತು, ಸಹಾಯಕರು ನೆರೆಯದಂತೆ ಮಾಡುವುದು. ಹಾರ್ಮೋನು ದಿನವೂ ಬರುವುದರಿಂದ ಕಾವಲೂ ದಿನವೂ ಬೇಕು.

ಗ್ರಾಹಕವಿಲ್ಲದ ಗಡ್ಡೆಗೆ ಈ ಔಷಧದಿಂದ ಪ್ರಯೋಜನವಿಲ್ಲ. ಆದುದರಿಂದಲೇ ತೆಗೆದ ಗಡ್ಡೆಯನ್ನು ಮೊದಲು ಪರೀಕ್ಷಿಸುವರು. ಮೈ ಬಿಸಿಯೇರುವುದೇ ಮೊದಲಾದ ಬಾಧೆಗಳು ತೋರಿದರೆ ಸೋದರಿಯರು ವೈದ್ಯರಿಗೆ ತಿಳಿಸಲಿ. ನೋವಿಲ್ಲವೆಂಬ ಒಂದೇ ಕಾರಣದಿಂದ ಗುಳಿಗೆಯನ್ನು ತಾವಾಗಿ ನಿಲ್ಲಿಸದಿರಲಿ.