ಮೊಳ ಹೂವಿನ ಲೆಕ್ಕ

ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವವನ್ನು ಕುರಿತು ಒಂದೆರಡು ಪುಟ ಬರೆದು ಕಳುಹಬೇಕೆಂದು ಈ ಸಂಚಿಕೆಯ ಸಂಪಾದಕಿಯರು ಕೇಳಿಕೊಂಡಾಗ ನಾನು ಹಿಂಜರಿದೆನು. ನನ್ನ ಸಹಪಾಠಿನಿಯರಲ್ಲಿ ಕೆಲವರು ವೈದ್ಯರಾಗಿರುವರು, ಕೆಲವರು ನ್ಯಾಯವಾದಿಗಳಾಗಿರುವರು; ನಾನಾದರೋ ಹೊಲಿಗೆ ಕಲಿಸುವವಳು. ಆದರೂ ನಮ್ಮ ಶಾಲೆಯ ಹೊಲಿಗೆಯ ತರಗತಿಯು ನೆನಪಿಗೆ ಬಂದು ಧೈರ್ಯ ಕೊಟ್ಟಿತು. ಕಾಜವು ಒಂದು ನೂಲಿನಷ್ಟು ಓರೆಯಾದರೂ ನಮ್ಮ ಉಪಾಧ್ಯಾಯಿನಿಯವರು ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದುದನ್ನು ನನ್ನೊಡನೆ ಓದಿದವರು ಮರೆತಿರಲಾರರು. ಅಂದು ಅದು ನಮಗೆ ಬಿಡುವಿನ ವೇಳೆಯ ವಿದ್ಯೆಯಾಗಿತ್ತು. ಅದು ಅನ್ನದ ವಿದ್ಯೆಯಾಗಬೇಕಾದರೆ ಇನ್ನೂ ಏನೇನು ಬೇಕೆಂಬುದನ್ನು ನನಗೆ ತಿಳಿಸಿದವಳು ಹಡಗಲಿಯ ಬಸ್ ನಿಲ್ದಾಣದಲ್ಲಿ ಮಲ್ಲಿಗೆ ಮಾರುತ್ತಿದ್ದ 12 ವರ್ಷದ ಒಬ್ಬ ಹುಡುಗಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಸೀಮೆಯು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿರುವುದು. ನಾನು ಅಲ್ಲಿಗೆ ಹೋದ 2006ರಲ್ಲಿ ಹರಪನಹಳ್ಳಿಯು ದಾವಣಗೆರೆ ಜಿಲ್ಲೆಯಲ್ಲಿಯೂ ಮಿಕ್ಕವು ಬಳ್ಳಾರಿ ಜಿಲ್ಲೆಯಲ್ಲಿಯೂ ಇದ್ದುವು. ತುಂಗಭದ್ರೆಯು ಸೀಮೆಯ ಅಂಚಿನಲ್ಲಿಯೇ ಹರಿಯುತ್ತಿದ್ದರೂ ಬಹುಪಾಲು ಹೊಲಗಳು ಮಳೆಯನ್ನೇ ನಂಬಿರುವುವು. ಜೋಳವೂ ಶೇಂಗಾವೂ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೊರಡುವುದುಂಟು. ತಾಯಿತಂದೆಗಳು ಬೆಂಗಳೂರಿನ ಕಟ್ಟಡಗಳಿಗೋ ಕಬ್ಬಿನ ಗದ್ದೆಗಳಿಗೋ ಹೋದರೆ, ಮಕ್ಕಳು ಅವರ ಬೆನ್ನಿಗೆ ಹೋಗುವರು. ಇಲ್ಲವೆ ಅಜ್ಜಿಯ ಬಳಿ ಉಳಿದು ತಮ್ಮ ಹೊಟ್ಟೆಯನ್ನು ತಾವೇ ನೋಡಿಕೊಳ್ಳುವರು. ಅಂದು ಸಂಡೂರು ಹೊಸಪೇಟೆಗಳ ಕಡೆ ಕಬ್ಬಿಣದ ಅದಿರಿನ ವ್ಯಾಪಾರವು ಭರದಿಂದ ನಡೆದಿದ್ದಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವುದಕ್ಕೆ ಮುಂಚೆ ಅಲ್ಲಿ ಅದಿರನ್ನು ಒಡೆದು ಆರಿಸುವ ಕೆಲಸದಲ್ಲಿ ಸಣ್ಣ ಕೈಗಳೂ ಇದ್ದುವು.

ಬೀದಿಯ ಮಕ್ಕಳೆಂದರೆ ಮಹಾನಗರದ ರೈಲು ನಿಲ್ದಾಣದಲ್ಲಿ ಮಲಗುವ ಅನಾಥರೆಂದು ನಾವು ಭಾವಿಸುವೆವು. ಈ ಊರುಗಳಲ್ಲಿ ಹಾಗಲ್ಲ. ಇಲ್ಲಿಯ ಮಗುವಿಗೆ ಸಾಮಾನ್ಯವಾಗಿ ಮನೆಯುಂಟು, ತಾಯಿಯುಂಟು. ಹಗಲು ಮಾತ್ರ ಬೀದಿಯದು. ಹೋಟೆಲಿನಲ್ಲಿ ಲೋಟ ತೊಳೆಯುವುದು, ಮಂಡಕ್ಕಿ ಮಿರ್ಚಿಯ ಅಂಗಡಿಯಲ್ಲಿ ನೀರು ತರುವುದು, ಕೊಟ್ಟೂರಿನ ತೇರಿಗೂ ಮೈಲಾರದ ಜಾತ್ರೆಗೂ ಸರಕು ಹೊತ್ತು ಹೋಗುವುದು, ಇವೇ ಅದರ ಪಾಠಗಳು.

1986ರ ಬಾಲಕಾರ್ಮಿಕ ಕಾಯಿದೆಯಾದ ಮೇಲೆ 1988ರಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯು ಪ್ರಾರಂಭವಾಯಿತು. ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆ ಅಕ್ಷರ, ಊಟ, ಕೈಕೆಲಸ, ಸಣ್ಣದೊಂದು ಮಾಸಿಕ ವೇತನ ಇವನ್ನು ಕೊಟ್ಟು, ಕಡೆಗೆ ಸಾಮಾನ್ಯ ಶಾಲೆಗೆ ಸೇರಿಸುವುದು ಅದರ ವಿಶೇಷ ಶಾಲೆಗಳ ಕ್ರಮವಾಗಿದ್ದಿತು. ಅದೇ ಕ್ರಮದಲ್ಲಿ ಹಡಗಲಿ ಪೇಟೆಯ ಒಂದು ಬಾಡಿಗೆಯ ಮನೆಯಲ್ಲಿ ನಾವು ಮೂವರು ಕೂಡಿ ಒಂದು ಚಿಕ್ಕ ತರಗತಿಯನ್ನು ನಡೆಸುತ್ತಿದ್ದೆವು. ಎರಡು ಹೊಲಿಗೆಯ ಯಂತ್ರಗಳು, ಒಂದು ಕರಿಹಲಗೆ, ಮಧ್ಯಾಹ್ನಕ್ಕೆ ಅನ್ನ ಸಾರು, ಇಷ್ಟೇ ನಮ್ಮ ಸಂಪತ್ತು.

ಆ ಹುಡುಗಿಯನ್ನು ಕರೆತಂದ ದಿನ ನಾನು ಹಾಜರಿ ಪುಸ್ತಕವನ್ನು ತೆರೆದು, ಎಲ್ಲರ ಮುಂದೆ, "ತಂದೆಯ ಹೆಸರೇನಮ್ಮ?" ಎಂದು ಕೇಳಿದೆನು. ಅವಳು ನೆಲ ನೋಡಿದಳು. ನನ್ನ ಮಾತು ಕೇಳಿಸಲಿಲ್ಲವೆಂದು ತಿಳಿದು ಎರಡನೆಯ ಸಾರಿ ಗಟ್ಟಿಯಾಗಿ ಕೇಳಿದೆನು. ಹಿಂದೆ ಕುಳಿತಿದ್ದ ಯಾರೋ ನಕ್ಕರು. ಮರುದಿನ ಅವಳು ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ.

ಅವಳ ತಾಯಿಯನ್ನು ಚಿಕ್ಕಂದಿನಲ್ಲಿ ದೇವರಿಗೆ ಬಿಟ್ಟಿದ್ದರು. ಈ ಸೀಮೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದಾಗ 1947ರಲ್ಲಿಯೇ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದ ಕಾಯಿದೆ ಬಂದಿದ್ದಿತು. ಕರ್ನಾಟಕವು 1982ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಿತು. ಇಷ್ಟಾದರೂ ಪದ್ಧತಿಯು ಗುಟ್ಟಾಗಿ ನಡೆದು ಬಂದುದಕ್ಕೆ ಆ ತಾಯಿಯೇ ಸಾಕ್ಷಿ. ಇದೆಲ್ಲವನ್ನೂ ಓದಿ ತಿಳಿದಿದ್ದ ನಾನು ಪುಸ್ತಕದ ಅಂಕಣವೊಂದನ್ನು ತುಂಬುವ ಆತುರದಲ್ಲಿ ಮರೆತೆನು.

ಎಂಟು ದಿನಗಳ ಮೇಲೆ ಅವರ ಗುಡಿಸಲಿಗೆ ಹೋದೆನು. ತಾಯಿಯು ಚಾಪೆ ಹಾಸಿ, ನೀರು ಕೊಟ್ಟು, ಕೋಪವಿಲ್ಲದ ದನಿಯಲ್ಲಿ ಕೇಳಿದಳು: "ಅಪ್ಪನ ಹೆಸರು ಕೇಳದ ಸಾಲಿ ಐತೇನ್ರಿ ಅಕ್ಕೋರೆ? ಇದ್ರ ಕಳಸ್ತೀನಿ." ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ನನ್ನದೆಂದು ಹುಡುಗಿಯ ಎದುರಿಗೇ ಒಪ್ಪಿಕೊಂಡು, ಪುಸ್ತಕದಲ್ಲಿ ತಾಯಿಯ ಹೆಸರನ್ನೇ ಬರೆಯುವೆನೆಂದು ಮಾತು ಕೊಟ್ಟು ಬಂದೆನು. ಅವಳು ಸೋಮವಾರ ಬಂದಳು.

ಅವಳಿಗೆ ಅಕ್ಷರ ಬಾರದಿದ್ದರೂ ಬಾಯಿಲೆಕ್ಕವು ನೀರು ಕುಡಿದಷ್ಟು ಸುಲಭವಾಗಿದ್ದಿತು. ಒಂದು ದಿನ ಅಳತೆಯ ಟೇಪನ್ನು ಹಿಡಿಯುವುದು ಹೇಗೆಂದು ಕಲಿಸುತ್ತ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆಯಹೇಳಿದೆನು. ನನ್ನ ಮೊಳ 18 ಅಂಗುಲವಾಯಿತು, ಅವಳದು 15. ಅವಳು ಮೊದಲು ನಕ್ಕಳು. ಅನಂತರ ಬಹಳ ಹೊತ್ತು ಸುಮ್ಮನಾದಳು. ಕಡೆಗೆ ಮೆಲ್ಲನೆ ಕೇಳಿದಳು: "ಹಂಗಾದ್ರ ಅಕ್ಕೋರೆ, ನನ್ನ ಕೈಗುಣ ಅನ್ನೋದು ಸುಳ್ಳಾ?"

ಸಂಗತಿ ಹೀಗಿತ್ತು. ಹೂವಿನ ವ್ಯಾಪಾರಿಯು ತನ್ನ ಕೈಯಿಂದ ಅಳೆದು 20 ಮೊಳದ ಮಾಲೆಯನ್ನು ಇವಳ ಬುಟ್ಟಿಗೆ ಹಾಕುವನು. ಇವಳ ಕೈಯಲ್ಲಿ ಅದು 24 ಮೊಳವಾಗುವುದು. 24 ಮೊಳದ ಹಣವೂ ವ್ಯಾಪಾರಿಗೆ. ಇವಳಿಗೆ ಎಂದಿನ ಕೂಲಿ. ಹೂವು ಬೆಳೆಯುವುದು ತನ್ನ ಕೈಗುಣದಿಂದಲೆಂದು ಅವನು ಹೇಳಿದ್ದನ್ನು ಮಗು ನಂಬಿ ಹೆಮ್ಮೆಪಟ್ಟಿದ್ದಿತು. ಕೊಳ್ಳುವವರಿಗೆ ತಾನು ಮೋಸ ಮಾಡಿದೆನೆಂದು ಅಂದು ಅತ್ತಳು. ಕಣ್ಣೊರಸಿಕೊಂಡು ಮತ್ತೊಂದು ಮಾತನ್ನು ಹೇಳಿದಳು: ಮುಂದಿನ ವರ್ಷದಿಂದ ತನ್ನ ತಂಗಿಯನ್ನು ಕಳುಹಿಸಬೇಕೆಂದು ವ್ಯಾಪಾರಿಯು ಆಗಲೇ ತಾಯಿಗೆ ಹೇಳಿದ್ದನಂತೆ. ಅಕ್ಕನ ಕೈ ಬೆಳೆಯುತ್ತಿದ್ದಿತಷ್ಟೆ.

ಮಕ್ಕಳನ್ನು ಏಕೆ ದುಡಿಸುವರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಯಾವ ಗ್ರಂಥದಲ್ಲಿಯೂ ಕಾಣೆನು. ಬಡತನವು ಮಗುವನ್ನು ಬೀದಿಗೆ ತರುವುದು ನಿಜ. ಆದರೆ ಬೀದಿಯಲ್ಲಿ ಅದನ್ನು ನಿಲ್ಲಿಸಿಕೊಳ್ಳುವುದು ಅದರ ಮೊಳದ ಚಿಕ್ಕತನ. ಆದುದರಿಂದ ಕಸಬಿನ ಶಿಕ್ಷಣವೆಂದರೆ ಬರಿಯ ಕೈಚಳಕವನ್ನು ಕಲಿಸುವುದಲ್ಲ. ತನ್ನ ದುಡಿಮೆಯನ್ನು ತಾನೇ ಅಳೆಯುವ ಶಕ್ತಿಯನ್ನು ಕೊಡುವುದು. ಅಂದಿನಿಂದ ನಮ್ಮ ತರಗತಿಯಲ್ಲಿ ಯಂತ್ರಕ್ಕೆ ಮೊದಲು ಟೇಪೂ ಲೆಕ್ಕದ ಪುಸ್ತಕವೂ ಬಂದುವು.

ಅಕ್ಷರವನ್ನೂ ಕಸಬನ್ನೂ ಜೊತೆಯಾಗಿ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆಗಳ ಜೊತೆಗೆ ನೆಯ್ಗೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ಆ ಹಂಚಿಗೆ ಕೊಳ್ಳುವವರಿದ್ದರು. ಕಲಿತ ಕಸಬಿಗೆ ಪೇಟೆ ಬೇಕೆಂಬುದು ಅದರ ಪಾಠ. ನಮ್ಮ ಕಡೆ ಹೊಲಿಗೆಗೆ ದೊಡ್ಡ ಪೇಟೆಯೆಂದರೆ ಬಳ್ಳಾರಿಯ ಜೀನ್ಸ್ ಉಡುಪಿನ ಉದ್ಯಮ. ನೇರವಾದ ಹೊಲಿಗೆಯನ್ನು ಮಾತ್ರ ಬಲ್ಲವರು ಅಂಥಲ್ಲಿ ತುಂಡಿಗಿಷ್ಟೆಂದು ದುಡಿಯುವರು. ಬಟ್ಟೆಯನ್ನು ಕತ್ತರಿಸಲೂ, ಗಿರಾಕಿಗೆ ಬೆಲೆ ಹೇಳಲೂ, ದಾರ ಗುಂಡಿಗಳ ಖರ್ಚು ಕಳೆಯಲೂ ಬಲ್ಲವರು ಸ್ವಂತ ಊರಿನಲ್ಲಿಯೇ ಅಂಗಡಿ ಇಟ್ಟು ಬದುಕಬಲ್ಲರು. ಮೂರು ತಿಂಗಳ ತರಬೇತಿಯ ಪ್ರಮಾಣಪತ್ರವನ್ನೂ ಒಂದು ಯಂತ್ರವನ್ನೂ ಕೊಟ್ಟು ಕೈತೊಳೆದುಕೊಂಡಲ್ಲಿ ಆ ಯಂತ್ರವು ಅಡವಿನ ಅಂಗಡಿಯನ್ನು ಸೇರುವುದನ್ನು ನಾನು ಕಂಡಿರುವೆನು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ತರಬೇತಿಯ ಹೆಸರಿನಲ್ಲಿ ದುಡಿಸುವುದೂ ದುಡಿಸುವುದೇ. 14 ತುಂಬುವವರೆಗೆ ಮಗುವಿನ ಸ್ಥಾನ ಶಾಲೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿಯನ್ನು ಕೊಡಬೇಕು. 2016ರ ತಿದ್ದುಪಡಿಯು 14ಕ್ಕೆ ಕಡಮೆ ವಯಸ್ಸಿನವರನ್ನು ಕೂಲಿಗಿಡುವುದನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿರುವುದು.

ಆ ಹುಡುಗಿಯ ಕಥೆಯು ಪೂರ್ಣ ವಿಜಯದ ಕಥೆಯಲ್ಲ. ನಮ್ಮಿಂದ ಸರಕಾರಿ ಶಾಲೆಗೆ ಹೋಗಿ ಏಳನೆಯ ತರಗತಿಯನ್ನು ಮುಗಿಸಿದಳು. ಮುಂದಿನ ವರ್ಷ ಮಳೆ ಹೋಯಿತು. ತಾಯಿ ಮಕ್ಕಳು ಗುಳೆ ಹೋದರು. ನಾನು ಬರೆದ ಎರಡು ಕಾಗದಗಳು ವಿಳಾಸದಾರರಿಲ್ಲವೆಂದು ಹಿಂದಿರುಗಿದುವು. ನನ್ನ ಕೆಲಸವು ವ್ಯರ್ಥವಾಯಿತೆಂದೇ ಬಹುಕಾಲ ತಿಳಿದಿದ್ದೆನು.

ಹಲವು ವರ್ಷಗಳಾದ ಮೇಲೆ ಕೊಟ್ಟೂರಿನ ತೇರಿನ ಜನಸಂದಣಿಯಲ್ಲಿ ಯಾರೋ ನನ್ನ ಸೆರಗನ್ನು ಹಿಡಿದೆಳೆದರು. ತಿರುಗಿ ನೋಡಿದರೆ ಅವಳೇ. ಪಕ್ಕದಲ್ಲಿ ಆರೇಳು ವರ್ಷದ ಮಗಳು. ಊರಿಗೆ ಹಿಂದಿರುಗಿ ರವಿಕೆಗಳನ್ನೂ ಶಾಲೆಯ ಮಕ್ಕಳ ಸಮವಸ್ತ್ರಗಳನ್ನೂ ಹೊಲಿಯುತ್ತಿರುವಳಂತೆ. ತಂಗಿಯು ಹತ್ತನೆಯ ತರಗತಿಯನ್ನು ದಾಟಿದಳಂತೆ. ಆ ತಂಗಿಯು ಎಂದೂ ಹೂವಿನ ಬುಟ್ಟಿಯನ್ನು ಹೊರಲಿಲ್ಲವೆಂದು ಕೇಳಿ ನನ್ನ ಕಣ್ಣು ತುಂಬಿತು. ಮಗಳ ಮುಡಿಗೆ ಮಲ್ಲಿಗೆ ಕೊಳ್ಳಲು ನಿಂತಾಗ ಅವಳು, ದೊಡ್ಡವರು ಮಾರುವ ಬುಟ್ಟಿಯನ್ನೇ ಹುಡುಕಿ ಕೊಂಡಳು.

ದೇವದಾಸಿಯರ ಮಕ್ಕಳಿಗೆ ತಂದೆಯ ಹೆಸರು ತೊಡಕಾಗಬಾರದೆಂಬ ಉದ್ದೇಶವುಳ್ಳ ಮಸೂದೆಯೊಂದನ್ನು 2025ರಲ್ಲಿ ನಮ್ಮ ರಾಜ್ಯದ ಶಾಸನಸಭೆಯು ಅಂಗೀಕರಿಸಿತು. ಗುಡಿಸಲಿನಲ್ಲಿ ಆ ತಾಯಿಯು ಕೇಳಿದ ಪ್ರಶ್ನೆಯನ್ನು ನೆನೆದು ಸಂತೋಷಪಟ್ಟೆನು. ಆದರೆ ಪುಸ್ತಕವನ್ನು ತೆರೆದು ಪ್ರಶ್ನೆ ಕೇಳುವವರು ನಾವೇ ಅಲ್ಲವೆ?

ಸಹೋದರಿಯರೇ, ಪೋಷಕರೇ, ನಿಮ್ಮಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿರುವಿರಿ, ಮನೆವಾರ್ತೆಯನ್ನು ನೋಡುವಿರಿ, ಅಂಗಡಿಗಳನ್ನು ನಡೆಸುವಿರಿ. ನಿಮ್ಮ ಮುಂದೆ ಕೈಚಾಚಿ ಸರಕು ಮಾರುವ ಮಗುವನ್ನು ಕಂಡಾಗ ಒಂದು ನಿಮಿಷ ನಿಂತು, ಶಾಲೆಗೆ ಹೋಗುವುದೋ ಇಲ್ಲವೋ ಎಂದು ವಿಚಾರಿಸಿರಿ. ಹೋಗದಿದ್ದರೆ ಸಮೀಪದ ಶಾಲೆಗೆ ತಿಳಿಸಿರಿ. ಮಗುವು ಆಪತ್ತಿನಲ್ಲಿದ್ದರೆ 1098 ಎಂಬ ಸಂಖ್ಯೆಗೆ ಕರೆ ಮಾಡಿರಿ. ಮನೆಗೆಲಸಕ್ಕೆ ಮಗುವನ್ನು ಇಟ್ಟುಕೊಳ್ಳಬೇಡಿರಿ. ನನ್ನಂತೆ ಅಂಕಣ ತುಂಬುವ ಆತುರದಲ್ಲಿ ಯಾವ ಮಗುವನ್ನೂ ಹೊರಗೆ ಕಳುಹಿಸಬೇಡಿರಿ. ಓರೆಯಾದ ಕಾಜವನ್ನು ಬಿಚ್ಚಿ ಮತ್ತೆ ಹೊಲಿಯಬಹುದೆಂದು ನಮ್ಮ ಶಾಲೆಯು ನಮಗೆ ಕಲಿಸಿತು. ಆ ಅಭ್ಯಾಸವೊಂದಿದ್ದುದರಿಂದಲೇ ನಾನು ಎಂಟು ದಿನಗಳ ಮೇಲಾದರೂ ಆ ಗುಡಿಸಲಿಗೆ ಹೋಗಬಲ್ಲವಳಾದೆನು.