ಹೋರಿ ಹಬ್ಬ ನಿಂತ ಮ್ಯಾಲೆ

ಬಿಸಿಲು ಬಲಿತು ಹೋರಿ ಹಬ್ಬ ನಿಂತವು ಅಂದ್ರ ನಮ್ಮನಿ ಗಂಡಸರ ಮಾತೂ ನಿಲ್ಲತಾವ. ದೀಪಾವಳಿ ಪಾಡ್ಯದಿಂದ ಹಿಡಿದು ಇವತ್ತು ಹಾವೇರಿ ಕಡೆ, ನಾಳೆ ಬ್ಯಾಡಗಿ ಕಡೆ, ಮತ್ತೊಂದಿನ ಶಿಕಾರಿಪುರದ ಕಡೆ ಅಂತ ಗಾಡ್ಯಾಗ ಹೋರಿ ಏರಿಸಿಕೊಂಡು ತಿರುಗಿದವರು, ಈಗ ಕಟ್ಟಿ ಮ್ಯಾಲೆ ಕುಂತು ಮಳಿ ಮೋಡ ಹುಡುಕ್ತಾರ.

ನಮ್ಮ ಕಡೆಯವರಿಗೆ ಹೇಳೋದು ಬ್ಯಾಡ, ಹೊರಗಿನವರಿಗೆ ಎರಡು ಮಾತು. ಹೋರಿ ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿ, ಕೋಡಿಗೆ ಬಲೂನು, ರಿಬ್ಬನ್ ಕಟ್ಟಿ ಅಖಾಡದಾಗ ಬಿಡ್ತಾರ. ಓಡೋ ಹೋರಿ ಮೈಮ್ಯಾಲೆ ಬಿದ್ದು ಹುಡುಗ್ರು ಕೊಬ್ಬರಿ ಹರೀಬೇಕು. ಹರಿಯಾಕ ಕೊಡದ ಹೋರಿಗೆ ಬೈಕು, ಬಂಗಾರ, ಫ್ರಿಜ್ಜು. ನಮಗ ಬಂದದ್ದು ಒಂದು ಮಿಕ್ಸರ್. ಹೆಸರು ಮಾಡಿದ್ದು ಹೋರಿ, ಚಟ್ನಿ ರುಬ್ಬಾಕಿ ನಾನು.

ಅಮೆರಿಕದಾಗಿರೋ ನಮ್ಮಣ್ಣನ ಮಗ ಬೇಸ್‌ಬಾಲ್ ಹುಚ್ಚ. ನವೆಂಬರ್ ಹೊತ್ತಿಗೆ ಅಲ್ಲಿ ಆಟ ಮುಗೀತಾವಂತ, ಮತ್ತ ಮಾರ್ಚ್ ಕೊನೀಗೆ ಚಾಲೂ. "ಅಲ್ಲೀತನ ಹಳೇ ಆಟ ನೋಡಿಕೋತ ಕುಂದ್ರತೀನಿ ಅತ್ತಿ" ಅಂದ. ಅವನದು ಮುಗಿಯೋ ಹೊತ್ತಿಗೆ ನಮ್ಮವರದು ಚಾಲೂ, ನಮ್ಮವರದು ಮುಗಿಯೋ ಹೊತ್ತಿಗೆ ಅವನದು. ರೋಗ ಮಾತ್ರ ಒಂದ.

ನಮ್ಮನ್ಯಾಗೂ ರಾತ್ರಿ ಊಟ ಆದ ಮ್ಯಾಲೆ ಮಾವಾರ ಮೊಬೈಲಿನ್ಯಾಗ ಹಳೇ ಹಬ್ಬದ ವಿಡಿಯೋ. ಮೈಕಿನ್ಯಾಗ ಕೂಗವನ ದನಿ ಕೇಳಿನ ಯಾವ ಊರಿನ ಹಬ್ಬ ಅಂತ ಒಳಗಿಂದ ಹೇಳಬಲ್ಲೆ. ಹಗಲೆಲ್ಲ ಹೋರಿ ಮೈ ತಿಕ್ಕೋದು, ಕೆರ್‍ಯಾಗ ಈಜು ಹೊಡಿಸೋದು, ಹತ್ತಿಕಾಳು, ಹಿಂಡಿ. ನನ್ನ ಮಗಂತೂ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಮಣ್ಣಿನ ಹೋರಿ ಕೊರಳಿಗೂ ಕೊಬ್ಬರಿ ಚೂರು ಕಟ್ಟಿದ. ಪೂಜೆ ಆಗೂದ್ರಾಗ ಇರುವಿ ಹರಿದುಕೊಂಡು ಹೋದವು.

ಈ ಖಾಲಿ ತಿಂಗಳಾಗ ಸುದ್ದಿ ಬಂದ್ರೂ ಎದಿ ಹಾರತೈತಿ. ಸುಪ್ರೀಂ ಕೋರ್ಟು ಜಲ್ಲಿಕಟ್ಟು ನಿಲ್ಲಿಸಿದ್ದು 2014ರ ಮೇದಾಗ. ಐದು ಮಂದಿ ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ಕಾಯ್ದೆ ಎತ್ತಿ ಹಿಡಿದದ್ದೂ 2023ರ ಮೇ 18ಕ್ಕ. ಅವತ್ತು ಮಾವಾರು ಹೋರಿ ಹಣಿಗೆ ಕುಂಕುಮ ಹಚ್ಚಿ ಬಂದ್ರು. ಅತ್ತಿ ಏನೂ ಅನಲಿಲ್ಲ.

ಈ ವರ್ಷ ಮಾತ್ರ ಅತ್ತಿ ಅಂದಾರ, "ಹೋರಿ ಮಾರ್‍ರಿ."

ಹೋದ ಸಲದ ಕೊನೀ ಹಬ್ಬದಾಗ ನಮ್ಮ ಹೋರಿ ಕೊಬ್ಬರಿ ಕೊಡದ ದಾಟಿತ್ತು. ಅದನ್ನ ಹಿಡ್ಯಾಕ ಹಿಂದ ಓಡಿದ ನನ್ನ ಮೈದುನಗ ಹಿಂದಿನಿಂದ ಬಂದ ಇನ್ನೊಂದು ಹೋರಿ ಬಡೀತು. ಎರಡು ಪಕ್ಕೆಲುಬು ಮುರಿದ್ವು. ಒಂದೂವರಿ ತಿಂಗಳು ಮಗ್ಗಲು ಹೊಳ್ಳಿಸಿ ಮಲಗಿಸಿದವರು ಅತ್ತಿ. ಹೋರಿ ಮನ್ಯಾಗಿರೋತನ ಹುಡುಗ ಅಖಾಡ ಬಿಡಂಗಿಲ್ಲ ಅನ್ನೋದು ಅವರ ಲೆಕ್ಕ. ತಪ್ಪು ಅಂತ ನನಗೂ ಅನಿಸಂಗಿಲ್ಲ. ಹಬ್ಬದ ದಿನ ಫೋನು ಬಂದ್ರ ನನಗ ಕೈ ನಡಗ್ತಾವ.

ಆ ಹಬ್ಬದ ವಿಡಿಯೋನೂ ಮಾವಾರ ಹತ್ರ ಐತಿ. ದಿನಾ ನೋಡ್ತಾರ. ನಮ್ಮ ಹೋರಿ ದಾಟಿದ ಕೂಡ್ಲೆ ನಿಲ್ಲಿಸ್ತಾರ, ಮತ್ತ ಮೊದಲಿಂದ ಹಚ್ಚತಾರ. ಮುಂದಿನದು ಒಂದ್ಸಲನೂ ನೋಡಿಲ್ಲ.

ಆಷಾಢದಾಗ ದಾವಣಗೆರೆ ಕಡೆಯವರು ಬಂದು ಹೋರಿ ಹಲ್ಲು ನೋಡಿ, ಚಲೋ ರೇಟು ಹೇಳಿ ಹೋದ್ರು. "ಪಂಚಮಿ ಆಗ್ಲಿ" ಅಂದ್ರು ಮಾವಾರು. ಪಂಚಮಿ ಆತು. "ಗಣಪ್ಪ ಆಗ್ಲಿ" ಅಂತಾರ ಈಗ. ಮೈದುನ ಬೆಳಿಗ್ಗೆ ಎದ್ದು ಹೋರಿ ಜೋಡಿ ಹೊಲದಾಗ ಓಡಾಕ ಹತ್ಯಾನ, ಎದಿ ಹಿಡಕೊಂಡು, ಅವ್ವಗ ಕಾಣದಂಗ.

ರಾತ್ರಿ ಹೋರಿಗೆ ನೆನಿಹಾಕೋ ಹುರುಳಿ ಅಳಿಯೋದು ಮಾತ್ರ ಅತ್ತೀನ. ಹೋದ ವಾರದಿಂದ ಒಂದು ಹಿಡಿ ಹೆಚ್ಚು ಬೀಳಾಕ ಹತ್ತೇತಿ. ನೋಡಿದೆ, ಕೇಳಿಲ್ಲ.