ಕೋಚು ಹತ್ತಿದವರು, ಇಳಿದವರು

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ನಿಂತು 'ನಮ್ಮದು ಯಾವ ಕೋಚು?' ಅಂತ ಕೇಳದವರು ಯಾರಿದ್ದಾರೆ? ಈ ಪದ ಇಂಗ್ಲಿಷಿನದು ಅಂತ ತಾನೆ ನಿಮ್ಮ ಲೆಕ್ಕ? ಅಲ್ಲ ಸ್ವಾಮಿ! ಅದರ ತವರುಮನೆ ಹಂಗೇರಿ.

ಬುಡಾದಿಂದ ವಿಯೆನ್ನಾಕ್ಕೆ ಹೋಗುವ ಹಾದಿಯಲ್ಲಿ ಕೊಚ್ ಅಂತ ಒಂದು ಹಳ್ಳಿ. 15ನೇ ಶತಮಾನದಲ್ಲಿ ಅಲ್ಲಿಯ ಬಡಗಿಗಳು ಹಗುರವಾಗಿ ಓಡುವ ಬಂಡಿ ಕಟ್ಟಿ ಹೆಸರು ಮಾಡಿದರು. ಜನ ಅದನ್ನು 'ಕೊಚಿ ಸೆಕೇರ್' ಅಂದರು. ಕೊಚಿ ಅಂದರೆ ಕೊಚ್ ಊರಿನದು, ಸೆಕೇರ್ ಅಂದರೆ ಬಂಡಿ. ಬನಾರಸಿನದು ಬನಾರಸಿ ಆದ ಹಾಗೇ! ಬರಬರುತ್ತಾ ಬಂಡಿ ಅನ್ನೋ ಮಾತು ಬಿದ್ದುಹೋಗಿ ಊರಿನ ಹೆಸರಷ್ಟೇ ಉಳಿಯಿತು. ಸೀರೆ ಅಂತ ಹೇಳದೆಯೇ 'ಒಂದು ಇಳಕಲ್ ತೋರಿಸಿ' ಅನ್ನೋದಿಲ್ಲವೆ ನಾವು?

ಅದೇ ಕೊಚಿ ಜರ್ಮನರ ಬಾಯಲ್ಲಿ ಕುಚೆ, ಫ್ರೆಂಚರಲ್ಲಿ ಕೋಶ್, 16ನೇ ಶತಮಾನದಲ್ಲಿ ಇಂಗ್ಲಿಷರಲ್ಲಿ ಕೋಚ್ ಆಯಿತು. ಸ್ಪೇನಿನಲ್ಲಿ ಕೋಚೆ ಅಂದರೆ ಈಗ ಮೋಟಾರು ಕಾರು! ಇಂಗ್ಲಿಷರ ಜೊತೆ ಹಡಗು ಹತ್ತಿದ ಪದ ನಮ್ಮ ದಂಡಿಗೂ ಬಂತು. ಇಂಗ್ಲಿಷಿನ ಕೋಚ್‌ಮನ್ ಉರ್ದುವಿನಲ್ಲಿ ಕೋಚ್ವಾನ್ ಆಗಿ ಗಾಡಿವಾನನ ತಮ್ಮನಂತೆ ಕೂತುಬಿಟ್ಟ. ಶಿವಾಜಿನಗರದಲ್ಲಿ ಜಟಕಾ ಹೊಡೆಯುತ್ತಿದ್ದ ನಮ್ಮ ತಾತನನ್ನು ಅಲ್ಲಿಯ ಸಾಬರು ಹಾಗೇ ಕೂಗುತ್ತಿದ್ದರಂತೆ. 1975ರ 'ಶೋಲೆ'ಯಲ್ಲಿ ರಾಮನಗರದ ಬಂಡೆಗಳ ನಡುವೆ ಟಾಂಗಾ ಓಡಿಸಿದ ಹೇಮಾಮಾಲಿನಿಯೂ ತಾತನ ಪಾಲಿಗೆ 'ನಮ್ಮ ಕಸುಬಿನವಳು'!

ಇನ್ನೊಂದು ತಮಾಷೆ ಕೇಳಿ. ಪರೀಕ್ಷೆ ದಾಟಿಸುವ ಮೇಷ್ಟ್ರಿಗೆ 1830ರ ಸುಮಾರಿಗೆ ಆಕ್ಸ್‌ಫರ್ಡಿನ ಹುಡುಗರು ಕೋಚ್ ಅಂದರು. ಕೂರಿಸಿಕೊಂಡು ಊರು ಮುಟ್ಟಿಸ್ತಾನಲ್ಲ, ಅದಕ್ಕೆ. ಆಟದ ಕೋಚ್ ಬಂದದ್ದು ಆಮೇಲೆ. ನಮ್ಮ ಗಲ್ಲಿಗಲ್ಲಿಯ ಕೋಚಿಂಗ್ ಸೆಂಟರೂ ಇದೇ ಬಂಡಿಯ ಮರಿ. ನಾನು ಪಿಯುಸಿಯಲ್ಲಿದ್ದಾಗ ಹಲಸೂರು ಕಡೆಯ ಅಂಥದೊಂದರಲ್ಲಿ, ಎರಡನೇ ಕಂತು ಕಟ್ಟಲಿಲ್ಲ ಅಂತ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಹೊಡೆದರು. ಕಾಲೇಜೂ ಅಲ್ಲಿಗೇ ನಿಂತಿತು. ಅಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ತಾತ ಮಾತ್ರ, 'ದುಡ್ಡಿಲ್ಲ ಅಂತ ಬಸುರಿ ಹೆಂಗಸನ್ನ ಘೋಷಾ ಆಸ್ಪತ್ರೆ ದಾರೀಲಿ ನಾನು ಒಂದು ದಿನವೂ ಇಳಿಸಿದ್ದಿಲ್ಲ ಕಣೋ' ಅಂದ. ಬಂಡಿ ನಡೆಸೋದು ಅಂದರೇನು ಅಂತ ನನಗೆ ಪಾಠ ಆಗಿದ್ದು ಆವತ್ತು.

ಇವತ್ತು ಕೋಚು ನಮ್ಮ ಮನೆ ಬಾಗಿಲಲ್ಲೇ ತಯಾರಾಗುತ್ತೆ. 1964ರಲ್ಲಿ ಹುಟ್ಟಿದ ಬಿಇಎಂಎಲ್ ಇಂದಿರಾನಗರದ ಪಕ್ಕದ ಹೊಸ ತಿಪ್ಪಸಂದ್ರದಲ್ಲಿ ರೈಲಿನ ಕೋಚು ಕಟ್ಟುತ್ತೆ, ಮೆಟ್ರೋದ್ದನ್ನೂ ಕಟ್ಟುತ್ತೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟ ಮೆಟ್ರೋ 2023ರಲ್ಲಿ ಕೆ.ಆರ್. ಪುರವನ್ನೂ ಕೂಡಿಸಿಕೊಂಡಿತು.

ಕೊಚ್ ಹಳ್ಳಿಯ ಆ ಬಡಗಿಗಳು ಯಾವ ಪಿಯುಸಿ ಓದಿದ್ದರು, ಹೇಳಿ? ಅವರ ಊರಿನ ಹೆಸರು ಎತ್ತದೆ ಇವತ್ತು ನಮ್ಮ ಸ್ಟೇಷನ್ನಿನಲ್ಲಿ ಒಂದು ಸೀಟೂ ಸಿಗೋದಿಲ್ಲ!